ಹಕ್ಕಿ ತೋರಿಸುವ ದೋಣಿ: ಚಿಲ್ಕಾ ತೀರದ ಮಂಗಳಾಜೋಡಿ ಕಲಿಸುವ ಪಾಠ

ಕರಾವಳಿಯ ರೈತನಿಗೆ ನೀರುಹಕ್ಕಿ ಹೊಸದಲ್ಲ. ಉಳುಮೆಯ ಹಿಂದೆ ಬೆಳ್ಳಕ್ಕಿ ಬರುತ್ತದೆ. ತೆನೆ ಹಾಲುಗಟ್ಟುವಾಗ ಜಂಬುಕೋಳಿ ಬರುತ್ತದೆ. ಚಳಿ ಬೀಳುತ್ತಿದ್ದಂತೆ ದೂರದೇಶದ ಬಾತುಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಇವುಗಳಲ್ಲಿ ಕೆಲವನ್ನು ಮಿತ್ರನೆಂದೂ ಕೆಲವನ್ನು ಶತ್ರುವೆಂದೂ ನಾವು ಎಣಿಸುತ್ತ ಬಂದಿದ್ದೇವೆ. ಈಗೀಗ ಇದೇ ಹಕ್ಕಿಗಳನ್ನು ನೋಡಲೆಂದೇ ಪಟ್ಟಣಗಳಿಂದ ಜನರು ಹಣ ಕೊಟ್ಟು ಬರುತ್ತಿದ್ದಾರೆ. ಅವರನ್ನು ದೋಣಿಯಲ್ಲಿ ಕೂರಿಸಿ, ಹಕ್ಕಿ ತೋರಿಸಿ, ಕ್ಷೇಮವಾಗಿ ದಡಕ್ಕೆ ತರುವುದು ಕೆಲವು ಊರುಗಳಲ್ಲಿ ಒಂದು ಉಪಕಸುಬೇ ಆಗಿದೆ. ಈ ಕಸುಬು ಹೇಗೆ ನಡೆಯುತ್ತದೆ, ಯಾವುದರಿಂದ ಉಳಿಯುತ್ತದೆ, ಯಾವುದರಿಂದ ಕೆಡುತ್ತದೆ ಎಂಬುದನ್ನು ಒಡಿಶಾ ರಾಜ್ಯದ ಮಂಗಳಾಜೋಡಿ ಎಂಬ ಊರಿನ ಉದಾಹರಣೆಯಿಂದ ಈ ಲೇಖನದಲ್ಲಿ ವಿವರಿಸಲಾಗಿದೆ.

ಸ್ಥಳದ ಪರಿಚಯ

ಒಡಿಶಾದ ಪೂರ್ವ ಕರಾವಳಿಯಲ್ಲಿ ಚಿಲ್ಕಾ ಸರೋವರವಿದೆ. ಇದು ಸಿಹಿನೀರಿನ ಕೆರೆಯಲ್ಲ, ಸಮುದ್ರವೂ ಅಲ್ಲ. ಉದ್ದನೆಯ ಮರಳುದಿಬ್ಬವೊಂದು ಇದನ್ನು ಬಂಗಾಳ ಕೊಲ್ಲಿಯಿಂದ ಬೇರ್ಪಡಿಸಿದೆ. ಅಳಿವೆಯ ಮೂಲಕ ಮಾತ್ರ ಕಡಲ ನೀರು ಒಳಗೆ ಬಂದು ಹೋಗುತ್ತದೆ. ಬೇಸಿಗೆಯಲ್ಲಿ ಇದರ ವಿಸ್ತಾರ ಸುಮಾರು 900 ಚದರ ಕಿಲೋಮೀಟರ್. ಮಳೆಗಾಲದಲ್ಲಿ 1,100 ಚದರ ಕಿಲೋಮೀಟರ್ ಮೀರುತ್ತದೆ. ಉತ್ತರದಿಂದ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮೊದಲಾದ ಹೊಳೆಗಳು ಸಿಹಿನೀರನ್ನೂ ಹೂಳನ್ನೂ ತರುತ್ತವೆ. ಆದ್ದರಿಂದ ಉತ್ತರ ಭಾಗದಲ್ಲಿ ನೀರು ಹೆಚ್ಚಾಗಿ ಸಿಹಿ, ನಡುವೆ ಸವಳು, ಅಳಿವೆಯ ಕಡೆಗೆ ಉಪ್ಪು.

ಜೌಗು ಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದರ ಪಟ್ಟಿಗೆ 1981ರಲ್ಲಿ ಭಾರತದಿಂದ ಮೊದಲು ಸೇರಿದ ಎರಡು ಸ್ಥಳಗಳಲ್ಲಿ ಚಿಲ್ಕಾ ಒಂದು. ಇನ್ನೊಂದು ರಾಜಸ್ಥಾನದ ಕೇವಲಾದೇವ. ಚಳಿಗಾಲದ ಗಣತಿಯಲ್ಲಿ ಚಿಲ್ಕಾದಲ್ಲಿ ಹತ್ತು ಲಕ್ಷಕ್ಕೂ ಮೀರಿ ನೀರುಹಕ್ಕಿಗಳು ಕಂಡುಬಂದ ವರ್ಷಗಳಿವೆ.

ಈ ಸರೋವರದ ಎರಡು ಜಾಗಗಳನ್ನು ಓದುಗರು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಮೊದಲನೆಯದು ನಳಬನ. ನಳವೆಂಬ ಜೊಂಡು ಬೆಳೆಯುವ ಈ ನಡುಗಡ್ಡೆ ಮಳೆಗಾಲದಲ್ಲಿ ನೀರಿನಡಿ ಮುಳುಗಿ, ಚಳಿಗಾಲದಲ್ಲಿ ಮೇಲೇಳುತ್ತದೆ. ಸುಮಾರು 15.5 ಚದರ ಕಿಲೋಮೀಟರಿನ ಈ ಜಾಗ 1987ರಿಂದ ಪಕ್ಷಿಧಾಮ. ಇಲ್ಲಿ ಹಕ್ಕಿಗಳಿಗೆ ಕಾನೂನಿನ ಕಾವಲಿದೆ. ಎರಡನೆಯದು ಉತ್ತರ ಅಂಚಿನ ಮಂಗಳಾಜೋಡಿ. ಭುವನೇಶ್ವರದಿಂದ ಸುಮಾರು 70 ಕಿಲೋಮೀಟರ್ ದೂರದ, ಖುರ್ದಾ ಜಿಲ್ಲೆಗೆ ಸೇರಿದ, ಮೀನುಗಾರಿಕೆ ಮತ್ತು ಬೇಸಾಯದ ಹಳ್ಳಿ ಇದು. ಇದರ ಜೌಗು ಪಕ್ಷಿಧಾಮದ ಗಡಿಯೊಳಗೆ ಬರುವುದಿಲ್ಲ. ಇಲ್ಲಿ ಕಾವಲು ನಿಂತವರು ಊರಿನವರೇ. ನಮಗೆ ಬೇಕಾದ ಪಾಠ ಇರುವುದು ಇಲ್ಲಿ.

ಬೇಟೆಯ ಊರು ಕಾವಲಿನ ಊರಾದದ್ದು

ಒಂದು ಕಾಲದಲ್ಲಿ ಮಂಗಳಾಜೋಡಿಗೆ ಹಕ್ಕಿ ಬೇಟೆಯ ಊರೆಂದೇ ಹೆಸರು. ಬಲೆ, ಬಂದೂಕು, ವಿಷದ ಕಾಳು ಈ ಮೂರರಿಂದಲೂ ಬಾತುಗಳನ್ನು ಕೊಂದು ಮಾಂಸಕ್ಕೆ ಮಾರುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಈ ಜೌಗಿನಲ್ಲಿ ಉಳಿದ ಹಕ್ಕಿಗಳು ಕೆಲವೇ ಸಾವಿರ. 2000ದಲ್ಲಿ ಊರಿನಲ್ಲೇ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಹುಟ್ಟಿತು. ಬೇಟೆಗಾರರಲ್ಲೇ ಹಲವರು ಸಮಿತಿ ಸೇರಿ ಜೌಗಿನಲ್ಲಿ ಗಸ್ತು ತಿರುಗಲಾರಂಭಿಸಿದರು. ಮುಂದಿನ ವರ್ಷಗಳಲ್ಲಿ ಊರಿನವರದೇ ಪರಿಸರ ಪ್ರವಾಸ ಟ್ರಸ್ಟ್ ಬಂದಿತು. ದೋಣಿ, ತಂಗುವ ಕೊಠಡಿ, ಊಟ, ಮಾರ್ಗದರ್ಶನ ಇವನ್ನು ಅದು ವ್ಯವಸ್ಥೆ ಮಾಡಿತು. ಇಂದು ಅಲ್ಲಿ ಚಳಿಗಾಲದ ಹಕ್ಕಿಗಳನ್ನು ಲಕ್ಷದ ಲೆಕ್ಕದಲ್ಲಿ ಹೇಳುತ್ತಾರೆ. 2018ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯಿಂದಲೂ ಈ ಟ್ರಸ್ಟಿಗೆ ಗೌರವ ಸಂದಿತು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೇಟೆಗಾರನಿಗೆ ಇದ್ದ ತಿಳಿವಳಿಕೆಯೇ ಮಾರ್ಗದರ್ಶಿಗೆ ಬೇಕಾದ ತಿಳಿವಳಿಕೆ. ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಕೂರುತ್ತದೆ, ಯಾವ ಕೂಗು ಯಾವುದರದು, ಎಷ್ಟು ಹತ್ತಿರ ಹೋದರೆ ಹಾರುತ್ತದೆ ಎಂಬುದು ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಹೊಸದಾಗಿ ಕಲಿಯಬೇಕಾದದ್ದು ಪುಸ್ತಕದಲ್ಲಿನ ಹೆಸರು, ದುರ್ಬೀನಿನ ಬಳಕೆ ಮತ್ತು ಬಂದವರೊಡನೆ ಮಾತಾಡುವ ರೀತಿ ಮಾತ್ರ. ಕೈಯಲ್ಲಿದ್ದ ವಿದ್ಯೆ ಬದಲಾಗಲಿಲ್ಲ, ಅದರ ಉಪಯೋಗ ಬದಲಾಯಿತು. ಆದ್ದರಿಂದಲೇ ಈ ಕೆಲಸವನ್ನು ಹೊರಗಿನ ಗುತ್ತಿಗೆದಾರನಿಗೆ ಬಿಟ್ಟುಕೊಟ್ಟರೆ ಊರಿನ ನಿಜವಾದ ಬಂಡವಾಳವನ್ನೇ ಬಿಟ್ಟುಕೊಟ್ಟಂತೆ.

ನೀರೇ ಇದರ ಮಣ್ಣು

ಮಣ್ಣು ಕೆಟ್ಟರೆ ಬೆಳೆ ಇಲ್ಲ. ನೀರು ಕೆಟ್ಟರೆ ಹಕ್ಕಿ ಇಲ್ಲ. ಚಿಲ್ಕಾದಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಹೊಳೆಗಳ ಹೂಳು ತುಂಬಿ, ಅಳಿವೆಯ ಕಾಲುವೆ ಕಟ್ಟಿಕೊಂಡು, ಕಡಲ ನೀರಿನ ಓಡಾಟ ಕಡಿಮೆಯಾಯಿತು. ಉಪ್ಪಿನಂಶ ಇಳಿದಂತೆ ಸಿಹಿನೀರಿನ ಕಳೆಗಳು ಹರಡಿದವು. ಎಂಬತ್ತರ ದಶಕದ ನಡುವೆ ವರ್ಷಕ್ಕೆ ಎಂಟು ಸಾವಿರ ಟನ್ನಿನ ಆಸುಪಾಸಿನಲ್ಲಿದ್ದ ಮೀನಿನ ಹಿಡಿತ, ತೊಂಬತ್ತರ ದಶಕದ ಕೊನೆಗೆ ಎರಡು ಸಾವಿರ ಟನ್ನಿಗೂ ಕೆಳಗಿಳಿಯಿತು. 1993ರಲ್ಲಿ ಚಿಲ್ಕಾವನ್ನು ಅಪಾಯದಲ್ಲಿರುವ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. 1991ರಲ್ಲಿ ಸ್ಥಾಪನೆಯಾಗಿದ್ದ ಚಿಲ್ಕಾ ಅಭಿವೃದ್ಧಿ ಪ್ರಾಧಿಕಾರವು ಅಧ್ಯಯನ ನಡೆಸಿ, 2000ದ ಸೆಪ್ಟೆಂಬರಿನಲ್ಲಿ ಮರಳುದಿಬ್ಬವನ್ನು ಕಡಿದು ಹೊಸ ಅಳಿವೆಯನ್ನು ತೆರೆಯಿತು. ಉಪ್ಪು-ಸಿಹಿಗಳ ಹದ ಮರಳಿತು. ಮೀನಿನ ಹಿಡಿತ ಎರಡೇ ವರ್ಷಗಳಲ್ಲಿ ಹತ್ತು ಸಾವಿರ ಟನ್ ದಾಟಿತು. 2002ರಲ್ಲಿ ಚಿಲ್ಕಾದ ಹೆಸರು ಅಪಾಯದ ಪಟ್ಟಿಯಿಂದ ಹೊರಬಂತು.

ಹಕ್ಕಿಗಳ ಮೇವಿಗೂ ಭತ್ತದ ಗದ್ದೆಯಂತೆ ನೀರಿನ ಮಟ್ಟವೇ ಮುಖ್ಯ. ಮಳೆಗಾಲ ಮುಗಿದು ಅಂಚಿನ ನೀರು ಇಳಿಯತೊಡಗಿದಾಗ, ಗೇಣುದ್ದ ನೀರಿರುವಲ್ಲಿ ಸೂಜಿಬಾಲದ ಬಾತಿನಂಥವು ತಲೆ ಕೆಳಗೆ ಮಾಡಿ ಬೀಜ, ಗೆಡ್ಡೆ, ಜಲಸಸ್ಯ ಮೇಯುತ್ತವೆ. ನೀರು ಇನ್ನೂ ಇಳಿದು ಕೆಸರು ಕಂಡಾಗ ಮೆಟ್ಟುಗಾಲು ಹಕ್ಕಿ, ಕಪ್ಪುಬಾಲದ ಹಿನ್ನೀರ ಗೊರವ ಮೊದಲಾದ ಉದ್ದಕಾಲಿನವು ಹುಳು, ಸಣ್ಣ ಚಿಪ್ಪಿಜೀವಿಗಳನ್ನು ಹೆಕ್ಕುತ್ತವೆ. ಜೊಂಡಿನ ಮರೆಯಲ್ಲಿ ನೇರಳೆ ಜಂಬುಕೋಳಿ, ತೇಲುವ ಎಲೆಗಳ ಮೇಲೆ ದೇವನಕ್ಕಿ. ಒಂದೇ ಜೌಗಿನಲ್ಲಿ ಆಳಕ್ಕೊಂದು ಹಕ್ಕಿ ಇರುವುದು ಹೀಗೆ. ಹಕ್ಕಿಗಳ ಹಿಕ್ಕೆ ಸಾರಜನಕ, ರಂಜಕಗಳನ್ನು ನೀರಿಗೆ ಹಿಂದಿರುಗಿಸುತ್ತದೆ.

ಜಲ್ಲೆಯ ದೋಣಿಯೇ ಏಕೆ?

ಮಂಗಳಾಜೋಡಿಯ ಜೌಗಿನಲ್ಲಿ ಹಕ್ಕಿ ತೋರಿಸುವ ದೋಣಿಗೆ ಯಂತ್ರವಿಲ್ಲ. ಚಪ್ಪಟೆ ತಳದ ಮರದ ದೋಣಿ. ಹಿಂದೆ ನಿಂತವನು ಉದ್ದನೆಯ ಬಿದಿರಿನ ಜಲ್ಲೆಯನ್ನು ನೆಲಕ್ಕೆ ಊರಿ ತಳ್ಳುತ್ತಾನೆ. ಮುಂದೆ ಮಾರ್ಗದರ್ಶಿ, ನಡುವೆ ನಾಲ್ಕಾರು ಜನ. ಇದು ಬಡತನದ ಗುರುತಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಒಂದು: ಮೊಣಕಾಲುದ್ದದ ನೀರಿನಲ್ಲಿ ಯಂತ್ರದ ರೆಕ್ಕೆಗೆ ಕಳೆ ಸುತ್ತಿಕೊಳ್ಳುತ್ತದೆ, ಕೆಸರು ಕದಡುತ್ತದೆ, ಹಕ್ಕಿಯ ಮೇವು ಹಾಳಾಗುತ್ತದೆ. ಎರಡು: ಸದ್ದಿಗೆ ಹಕ್ಕಿ ಹಾರಿದರೆ ನೋಡಲು ಬಂದವನಿಗೆ ಹಕ್ಕಿಯ ಬೆನ್ನು ಮಾತ್ರ ಕಾಣುತ್ತದೆ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ವಲಸೆ ಹಕ್ಕಿ ಇಲ್ಲಿಗೆ ಬರುವುದು ಚಳಿಗಾಲ ಕಳೆಯಲು ಮತ್ತು ಹಿಂದಿರುಗುವ ಸಾವಿರಾರು ಕಿಲೋಮೀಟರ್ ಹಾರಾಟಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಲು. ಪದೇಪದೇ ಎಬ್ಬಿಸಿದರೆ ಮೇಯುವ ಹೊತ್ತೂ ಹೋಗುತ್ತದೆ, ಕೂಡಿಸಿದ ಶಕ್ತಿಯೂ ಹೋಗುತ್ತದೆ. ಬಿತ್ತನೆಯ ಮುಂಚೆ ಎತ್ತನ್ನು ಸುಮ್ಮನೆ ಓಡಿಸಿ ದಣಿಸುವ ರೈತನಿಲ್ಲ; ಇಲ್ಲಿಯೂ ಅದೇ ವಿವೇಕ ಬೇಕು. ನೆಮ್ಮದಿ ಇಲ್ಲದ ಜಾಗವನ್ನು ಹಕ್ಕಿ ಬಿಟ್ಟು ಹೋಗುತ್ತದೆ. ಅದರೊಂದಿಗೆ ಆದಾಯವೂ ಹೋಗುತ್ತದೆ.

ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದಕ್ಕೆ ಅಳತೆಗೋಲು ಬೇಡ, ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಹಿಂಡು ಮೇವು ಬಿಟ್ಟು ತಲೆ ಎತ್ತಿತೆಂದರೆ ದೋಣಿ ಅಲ್ಲೇ ನಿಲ್ಲಬೇಕು. ಹೆಜ್ಜೆ ಹಾಕಿ ದೂರ ಸರಿಯತೊಡಗಿದರೆ ದೋಣಿ ಹಿಂದಕ್ಕೆ ಬರಬೇಕು. ಹಾರಿತೆಂದರೆ ಮಾರ್ಗದರ್ಶಿ ತಪ್ಪಿದನೆಂದೇ ಅರ್ಥ.

ಕಾಲ ಮತ್ತು ವೇಳೆ

ವಲಸೆ ಹಕ್ಕಿಗಳು ಅಕ್ಟೋಬರಿನಿಂದ ಬರತೊಡಗಿ ಮಾರ್ಚ್ ಹೊತ್ತಿಗೆ ಹಿಂದಿರುಗುತ್ತವೆ. ಡಿಸೆಂಬರ್, ಜನವರಿ, ಫೆಬ್ರವರಿ ತಿಂಗಳು ಉತ್ತಮ. ದಿನದಲ್ಲಿ ಸೂರ್ಯೋದಯದಿಂದ ಮೂರು ಗಂಟೆ ಮತ್ತು ಸಂಜೆಯ ಎರಡು-ಮೂರು ಗಂಟೆ ಸೂಕ್ತ. ನಡುಹಗಲಿನಲ್ಲಿ ಹಕ್ಕಿಯೂ ವಿಶ್ರಮಿಸುತ್ತದೆ, ನೀರಿನ ಮೇಲಿನ ಬಿಸಿಲು ನೋಡುವವರನ್ನೂ ದಣಿಸುತ್ತದೆ. ದೋಣಿಯ ಹಿಂದೆ ಸೂರ್ಯನಿರುವಂತೆ ದಾರಿ ಆರಿಸಿದರೆ ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ.

ಪೈರಿನ ಹಾನಿಯ ಪ್ರಶ್ನೆ

ಇಲ್ಲಿಯವರೆಗೆ ಓದಿದ ರೈತರು, 'ಹಕ್ಕಿ ಹೆಚ್ಚಾದರೆ ನನ್ನ ಗದ್ದೆಯ ಗತಿಯೇನು?' ಎಂದು ಕೇಳುವುದು ಸಹಜ. ಬೆಳ್ಳಕ್ಕಿ, ಕೊಳದ ಬಕಗಳು ಕೀಟ, ಏಡಿಗಳನ್ನು ತಿಂದು ಉಪಕಾರ ಮಾಡುತ್ತವೆ. ಬಾತುಗಳು ಕೊಯಿಲಾದ ಗದ್ದೆಯಲ್ಲಿ ಉದುರಿದ ಕಾಳನ್ನೂ ಕಳೆಬೀಜವನ್ನೂ ಹೆಕ್ಕುತ್ತವೆ. ಆದರೆ ಜಂಬುಕೋಳಿ, ಸಿಳ್ಳೆಬಾತುಗಳು ನಿಂತ ಭತ್ತಕ್ಕೆ ನಷ್ಟ ಮಾಡುವುದೂ ನಿಜ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಹೊಲಗಳಲ್ಲಿ ಮೇಯುವುದನ್ನು ಅಲ್ಲಿನ ರೈತರು ಬಲ್ಲರು.

ಇದಕ್ಕೆ ವಿಷ ಪರಿಹಾರವಲ್ಲ. ವಿಷದ ಕಾಳು ಮಿತ್ರನನ್ನೂ ಕೊಲ್ಲುತ್ತದೆ, ನೀರಿನ ಮೂಲಕ ಮೀನಿಗೂ ಮನುಷ್ಯನಿಗೂ ತಲುಪುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ನ್ಯಾಯವಾದ ದಾರಿಯೆಂದರೆ ದೋಣಿಯ ಆದಾಯದಲ್ಲಿ ಒಂದು ಪಾಲನ್ನು ಹಾನಿಗೊಳಗಾದ ಗದ್ದೆಯವನಿಗೆ ಮೀಸಲಿಡುವುದು. ಲಾಭ ದೋಣಿಯವನಿಗೆ, ನಷ್ಟ ಗದ್ದೆಯವನಿಗೆ ಎಂದಾದರೆ ಊರು ಎರಡಾಗುತ್ತದೆ. ಎರಡಾದ ಊರಿನಲ್ಲಿ ಹಕ್ಕಿಗೆ ಕಾವಲಿರುವುದಿಲ್ಲ.

ಆದಾಯದ ಲೆಕ್ಕ

ಯಾವುದೇ ಉಪಕಸುಬನ್ನು ಕೈಗೊಳ್ಳುವ ಮುಂಚೆ ಲೆಕ್ಕ ಹಾಕಬೇಕು. ಕೆಳಗಿನದು ತಿಳಿವಳಿಕೆಗಾಗಿ ಕೊಟ್ಟ ಮಾದರಿ ಲೆಕ್ಕ. ಯಾವ ಊರಿನ ನಿಜವಾದ ಅಂಕಿಯೂ ಅಲ್ಲ.

ಒಂದು ಊರಿನಲ್ಲಿ 12 ದೋಣಿಗಳಿವೆ, ಹಂಗಾಮು 120 ದಿನ, ದಿನಕ್ಕೆ ಸರಾಸರಿ 5 ಸುತ್ತು ಎಂದಿಟ್ಟುಕೊಳ್ಳೋಣ. ಒಟ್ಟು 600 ಸುತ್ತು. ಸರತಿಯಲ್ಲಿ ಹಂಚಿದರೆ ಒಂದು ದೋಣಿಗೆ 50 ಸುತ್ತು. ಸುತ್ತಿಗೆ 3 ಗಂಟೆಯಂತೆ 150 ಗಂಟೆ. ಎಂದರೆ ವರ್ಷಕ್ಕೆ ಸುಮಾರು 19 ಆಳುದಿನಗಳ ಕೆಲಸ. ಇದರಿಂದ ಸಂಸಾರಕ್ಕೆ ಆಸರೆಯಾದೀತು, ಸಂಸಾರವೇ ನಡೆಯದು. ಇದನ್ನು ನಂಬಿ ಗದ್ದೆ ಬೀಳುಬಿಡುವುದು ತರವಲ್ಲ.

ಬಂದ ಪ್ರತಿ 100 ರೂಪಾಯಿಯನ್ನು ಹೀಗೆ ಹಂಚಬಹುದು: ದೋಣಿ ಮತ್ತು ಜಲ್ಲೆಯವನಿಗೆ 45, ಮಾರ್ಗದರ್ಶಿಗೆ 25, ಕಾವಲು ಗಸ್ತಿಗೆ 15, ಪೈರಿನ ಹಾನಿ ನಿಧಿಗೆ 10, ರಿಪೇರಿ ಮತ್ತು ಆಕಸ್ಮಿಕಕ್ಕೆ 5. ಪ್ರಮಾಣವನ್ನು ಊರಿನವರು ಕೂತು ತೀರ್ಮಾನಿಸಿಕೊಳ್ಳಬಹುದು. ಆದರೆ ಕಾವಲಿನ ಪಾಲನ್ನೂ ಹಾನಿಯ ಪಾಲನ್ನೂ ಮೊದಲು ತೆಗೆದಿಡಬೇಕು; ಉಳಿದರೆ ಕೊಡೋಣವೆಂದರೆ ಎಂದೂ ಉಳಿಯುವುದಿಲ್ಲ.

ಅಪಾಯಗಳನ್ನೂ ಮರೆಯಬಾರದು. 2019ರ ಮೇ 3ರಂದು ಫನಿ ಚಂಡಮಾರುತ ಪುರಿಯ ಬಳಿ ಅಪ್ಪಳಿಸಿ ಚಿಲ್ಕಾ ತೀರವನ್ನೂ ಹಾನಿಗೊಳಿಸಿತು. ಮರುವರ್ಷ ಕೋವಿಡ್ ರೋಗದ ಕಾರಣ ದೇಶದಲ್ಲೆಲ್ಲ ಪ್ರವಾಸಿಗರ ಬರವು ನಿಂತಿತು. ಬಂದವರ ಹಣವೊಂದನ್ನೇ ನಂಬಿದ ಮನೆಗೆ ಇಂಥ ವರ್ಷ ಬರಗಾಲವೇ. ಗದ್ದೆ, ಬಲೆ, ಹಸು ಉಳಿಸಿಕೊಂಡವನು ತಾಳಿಕೊಳ್ಳುತ್ತಾನೆ.

ನಮ್ಮ ಕರಾವಳಿಗೆ ಅನ್ವಯ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ವಿಸ್ತಾರ 4,801 ಹೆಕ್ಟೇರ್. ಈ ಅಳಿವೆಯ ಅಂಚಿನ ಗಜನಿ ಭೂಮಿಯಲ್ಲಿ ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತವನ್ನು ನಮ್ಮ ರೈತರು ತಲೆಮಾರುಗಳಿಂದ ಬೆಳೆದಿದ್ದಾರೆ. ತೆನೆ ಕೊಯ್ದ ಮೇಲೆ ಉಳಿಯುವ ಹುಲ್ಲು ಕೊಳೆತು ಮೀನು, ಸೀಗಡಿಗಳಿಗೆ ಆಹಾರವಾಗುತ್ತದೆ. ಅವನ್ನು ಹುಡುಕಿ ಹಕ್ಕಿ ಬರುತ್ತದೆ. ಗಜನಿಯ ಕಟ್ಟೆ ಒಡೆದು, ಕಗ್ಗ ಬಿಟ್ಟು, ಭೂಮಿ ಹಾಳುಬಿದ್ದರೆ ರೈತನೊಂದಿಗೆ ಹಕ್ಕಿಯೂ ನೆಲೆ ಕಳೆದುಕೊಳ್ಳುತ್ತದೆ. ಆದ್ದರಿಂದ ನಮ್ಮಲ್ಲಿ ಹಕ್ಕಿಯ ದೋಣಿಗೆ ಮೊದಲ ಬಂಡವಾಳ ದೋಣಿಯಲ್ಲ, ಗಜನಿಯ ಕಟ್ಟೆ.

ಚಿಲ್ಕಾದ ಅಂಚಿಗೂ ನಮ್ಮ ಅಳಿವೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮಂಗಳಾಜೋಡಿಯಲ್ಲಿ ನೀರು ತಿಂಗಳುಗಳಲ್ಲಿ ಇಳಿಯುತ್ತದೆ. ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಇಳಿತದಲ್ಲಿ ಕೆಸರು ಬಯಲಾದಾಗ ಹಕ್ಕಿ ಮೇಯುತ್ತದೆ. ಉಬ್ಬರದಲ್ಲಿ ಕಟ್ಟೆ, ದಿಬ್ಬಗಳ ಮೇಲೆ ಗುಂಪಾಗಿ ವಿಶ್ರಮಿಸುತ್ತದೆ. ಉಬ್ಬರದ ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಗಡಿಯಾರದ ಬದಲು ನೀರನ್ನು ನೋಡಿ ಸುತ್ತಿನ ವೇಳೆ ಗೊತ್ತುಮಾಡಬೇಕು. ನೀರು ಇಳಿಯತೊಡಗಿದಾಗ ಹೊರಟು, ದೋಣಿ ಕೆಸರಿಗೆ ಕೂರುವ ಮುಂಚೆ ಮರಳುವಂತಿರಬೇಕು. ಆಳವಿರುವಲ್ಲಿ ಜಲ್ಲೆಯ ಬದಲು ಹುಟ್ಟು ಬೇಕಾಗುತ್ತದೆ. ವಿಶ್ರಮಿಸುವ ಗುಂಪಿನ ಬಳಿಗೆ ದೋಣಿ ಒಯ್ಯಲೇಬಾರದು.

ಕೈಗೊಳ್ಳಬೇಕಾದ ಕ್ರಮಗಳು

1. ಮೊದಲ ವರ್ಷ ಯಾರನ್ನೂ ಕರೆಯಬೇಡಿ. ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ ಹೋಗಿ ದಿನಾಂಕ, ಉಬ್ಬರ-ಇಳಿತ, ಹಕ್ಕಿ, ಸಂಖ್ಯೆ ಇವನ್ನು ಪುಸ್ತಕದಲ್ಲಿ ಬರೆದಿಡಿ. ಈ ಪುಸ್ತಕವೇ ಮುಂದೆ ನಿಮ್ಮ ಪಂಚಾಂಗ.

2. ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಯ ಅನುಮತಿ ಪಡೆಯಿರಿ. ಪಕ್ಷಿಧಾಮದ ಒಳಗೆ ಅನುಮತಿಯಿಲ್ಲದೆ ದೋಣಿ ಇಳಿಸುವಂತಿಲ್ಲ.

3. ದೋಣಿಯ ದಾರಿ ಒಂದೇ ಇರಲಿ. ಜೌಗಿನ ಹೆಚ್ಚಿನ ಭಾಗವನ್ನು ಯಾರೂ ಹೋಗದಂತೆ ಬಿಡಿ. ಗೂಡುಗಳಿರುವ ಕಡೆ ಸಂಪೂರ್ಣ ನಿಷೇಧ ಇರಲಿ.

4. ಪ್ರತಿಯೊಬ್ಬರಿಗೂ ತೇಲುವ ಅಂಗಿ ಕಡ್ಡಾಯ. ದೋಣಿ ತಾಳುವುದಕ್ಕಿಂತ ಇಬ್ಬರು ಕಡಿಮೆಯೇ ಕೂರಲಿ. ಗಾಳಿ ಎದ್ದ ದಿನ, ಗುಡುಗಿನ ದಿನ ದೋಣಿ ಬಿಡಬೇಡಿ, ಹಣ ಹಿಂದಿರುಗಿಸಿ.

5. ಬಂದವರಿಗೆ ದಡದಲ್ಲೇ ನಿಯಮ ತಿಳಿಸಿ: ನಿಲ್ಲಬಾರದು, ಕೂಗಬಾರದು, ಕಲ್ಲು-ಕಾಳು ಎಸೆಯಬಾರದು, ಧ್ವನಿಮುದ್ರಿತ ಕೂಗು ಕೇಳಿಸಿ ಹಕ್ಕಿ ಕರೆಯಬಾರದು, ಡ್ರೋನ್ ಹಾರಿಸಬಾರದು. ಚಿತ್ರಕ್ಕಾಗಿ ಹಿಂಡು ಎಬ್ಬಿಸಿರೆಂದು ಹೆಚ್ಚು ಹಣ ಕೊಡಲು ಬರುವವರಿಗೆ ಇಲ್ಲವೆನ್ನಿ.

6. ಸರತಿ ಮತ್ತು ಲೆಕ್ಕದ ಪುಸ್ತಕ ಊರಿನ ಎದುರು ತೆರೆದಿರಲಿ. ಹೆಣ್ಣುಮಕ್ಕಳಿಗೆ ಅಡುಗೆಯ ಕೆಲಸವೊಂದನ್ನೇ ಬಿಡದೆ ಮಾರ್ಗದರ್ಶನದಲ್ಲೂ ತರಬೇತಿ ಕೊಡಿ. ಚಿಪ್ಪಿ ಹೆಕ್ಕುವ ಹೆಂಗಸರಷ್ಟು ಅಳಿವೆಯ ಕೆಸರನ್ನು ಬಲ್ಲವರು ಕಡಿಮೆ.

7. ಕೊಯಿಲಾದ ಗದ್ದೆಯ ಕೂಳೆಗೆ ಬೆಂಕಿ ಹಾಕಬೇಡಿ. ನಿಂತ ನೀರಿರುವ ಗದ್ದೆಗೆ ಕೀಟನಾಶಕ ಸುರಿಯಬೇಡಿ.

ಕೊನೆಯದಾಗಿ ಒಂದು ಮಾತು. ಮಂಗಳಾಜೋಡಿಯಲ್ಲಿ ಒಂದು ಬಾತನ್ನು ಕೊಂದವನಿಗೆ ಒಂದು ಬಾರಿ ಹಣ ಸಿಗುತ್ತಿತ್ತು. ಅದೇ ಬಾತನ್ನು ತೋರಿಸುವವನಿಗೆ ಹಂಗಾಮು ಮುಗಿಯುವವರೆಗೂ ಸಿಗುತ್ತದೆ. ಹಕ್ಕಿ ಕ್ಷೇಮವಾಗಿ ಹೋಗಿ ಬಂದರೆ ಮರುವರ್ಷವೂ ಸಿಗುತ್ತದೆ. ಬಿತ್ತನೆಯ ಬೀಜವನ್ನು ತಿನ್ನಬಾರದೆಂದು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಅಳಿವೆಯ ಹಕ್ಕಿಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಂಡು, ಗಜನಿಯ ಕಟ್ಟೆಯನ್ನು ಈ ಬೇಸಿಗೆಯಲ್ಲೇ ಭದ್ರಪಡಿಸಿ, ಬರುವ ಅಕ್ಟೋಬರಿನಿಂದ ಹಕ್ಕಿಯ ಪುಸ್ತಕ ಬರೆಯಲು ನಮ್ಮ ಕರಾವಳಿಯ ರೈತ ಬಾಂಧವರು ಆರಂಭಿಸಬೇಕು.